ರೆಡ್ ಅಲರ್ಟ್ ಅಂದ್ರೆ ಬರೀ ಶಾಲೆಗೆ ರಜೆಯಾ?

ಜುಲೈ ತಿಂಗಳಲ್ಲಿ ರಾತ್ರಿ ಎಂಟೂವರೆ ಹೊತ್ತಿಗೆ ಉಡುಪಿ, ಮಂಗಳೂರು ಕಡೆಯ ಯಾವ ಮನೆಗಾದರೂ ಹೋಗಿ ನೋಡಿ. ಹೊರಗೆ ಹೆಂಚು ಒಡೆಯುವ ಹಾಗೆ ಮಳೆ ಹೊಯ್ಯುತ್ತಿರುತ್ತದೆ. ಒಳಗೆ ಮಕ್ಕಳು ಅಪ್ಪನ ಮೊಬೈಲ್ ಹಿಡಿದು ಕೂತಿರುತ್ತಾರೆ, ಒಂದೇ ಒಂದು ಮೆಸೇಜಿಗಾಗಿ. ನಾಳೆ ರಜೆ ಉಂಟಾ, ಇಲ್ವಾ? ಡಿಸಿ ಆದೇಶ ಬಂತು ಅಂದರೆ ಮನೆಯಲ್ಲಿ ಹಬ್ಬ. ಬರಲಿಲ್ಲ ಅಂದರೆ ಡಿಸಿಗೆ ಬೈಗುಳ. ಹೋದ ವರ್ಷದ ಆದೇಶಕ್ಕೆ ತಾರೀಕು ತಿದ್ದಿ ವಾಟ್ಸ್ಆ್ಯಪ್‌ನಲ್ಲಿ ಹರಿಬಿಡುವ ಪುಣ್ಯಾತ್ಮರೂ ಇದ್ದಾರೆ.

ಕರಾವಳಿಯಲ್ಲಿ ರೆಡ್ ಅಲರ್ಟ್ ಅನ್ನುವ ಮಾತಿಗೆ ಈಗ ಉಳಿದಿರುವ ಅರ್ಥ ಹೆಚ್ಚುಕಡಿಮೆ ಇಷ್ಟೇ. ಹವಾಮಾನ ಇಲಾಖೆ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿ.ಮೀ. ದಾಟಿದರೆ ಅದು 'ಅತ್ಯಂತ ಭಾರಿ ಮಳೆ'. ಮಾಮೂಲಾಗಿ ಕೆಂಪು ಬಣ್ಣ ಬರುವುದು ಅಂಥ ಮಳೆಯ ಸೂಚನೆ ಇದ್ದಾಗ. ಮಿಲಿಮೀಟರ್ ಅಂದರೆ ತಲೆಗೆ ಹೋಗುವುದಿಲ್ಲ, ಅಲ್ವಾ? ಹೀಗೆ ಹೇಳುತ್ತೇನೆ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ದಿನಕ್ಕೆ 19 ಸಾವಿರ ಲೀಟರ್ ನೀರು. ಅಂಗಳದ ಬಾವಿಯನ್ನು ಪೂರ್ತಿ ಎತ್ತಿ ಮನೆ ಮೇಲೆ ಸುರಿದ ಹಾಗೆ. ಅಷ್ಟು ನೀರು ಬರುತ್ತದೆ ಅಂತ ಹಿಂದಿನ ದಿನವೇ ಗೊತ್ತಿದ್ದೂ ನಾವು ಮಾಡುವ ದೊಡ್ಡ ತಯಾರಿ ಎಂದರೆ ಮಕ್ಕಳನ್ನು ಮನೆಯಲ್ಲಿ ಕೂರಿಸುವುದು. ಆ ಮನೆಯೇ ಗುಡ್ಡದ ಬುಡದಲ್ಲಿದ್ದರೆ?

2025ರ ಮೇ ಕೊನೆಯಲ್ಲಿ ಉಳ್ಳಾಲ ತಾಲೂಕಿನ ಮಂಜನಾಡಿಯಲ್ಲಿ ಗುಡ್ಡ ಕುಸಿದು ಮನೆಯೊಳಗಿದ್ದ ಅಜ್ಜಿ ಮತ್ತು ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಮಳೆ ಜೋರಿರುತ್ತದೆ ಎಂಬ ಸೂಚನೆ ಆ ವಾರ ಪೂರ್ತಿ ಇತ್ತು. ಜಿಲ್ಲೆಗೆ ಇತ್ತು, ತಾಲೂಕಿಗೆ ಇತ್ತು. ಆದರೆ "ಈ ಮನೆ, ಈ ಗುಡ್ಡ, ಇವತ್ತು ರಾತ್ರಿ ಇಲ್ಲಿ ಮಲಗಬೇಡಿ" ಅಂತ ಹೇಳುವ ಸೂಚನೆ ನಮ್ಮ ವ್ಯವಸ್ಥೆಯಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ನನ್ನ ತಕರಾರು ಇದು. ಎಚ್ಚರಿಕೆ ದೆಹಲಿಯಿಂದ, ಬೆಂಗಳೂರಿಂದ ಡಿಸಿ ಆಫೀಸಿನ ತನಕ ಚೆನ್ನಾಗಿಯೇ ಬರುತ್ತದೆ. ಮೊದಲಿನ ಹಾಗಿಲ್ಲ, ನಿಜವಾಗಲೂ ಚೆನ್ನಾಗಿದೆ. ಎಡವುವುದು ಎರಡು ಕಡೆ. ಒಂದು, ಪಂಚಾಯಿತಿ ಆಫೀಸಿಂದ ಮನೆ ಬಾಗಿಲಿನ ತನಕದ ಕೊನೆಯ ಎರಡು ಕಿಲೋಮೀಟರ್. ಇನ್ನೊಂದು, ಮಳೆ ನಿಂತ ಮೇಲಿನ ಎರಡು ಮೂರು ವಾರ. ಎರಡನೆಯದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ಟಿವಿಯವರು ಹೊರಟು ಹೋಗಿರುತ್ತಾರೆ.

ಚೆನ್ನಾಗಿದೆ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಚಂಡಮಾರುತ ಬರುವುದಾದರೆ ಹವಾಮಾನ ಇಲಾಖೆ 72 ಗಂಟೆ ಮೊದಲೇ ಸುಳಿವು ಕೊಡುತ್ತದೆ, 48 ಗಂಟೆ ಇರುವಾಗ ಅಲರ್ಟ್, 24 ಗಂಟೆ ಇರುವಾಗ ವಾರ್ನಿಂಗ್. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ, ಎಲ್ಲರೂ ಕೆಎಸ್‌ಎನ್‌ಡಿಎಂಸಿ ಅನ್ನುತ್ತಾರಲ್ಲ, ಅದು ಹೆಚ್ಚುಕಡಿಮೆ ಪ್ರತಿ ಗ್ರಾಮ ಪಂಚಾಯಿತಿಗೂ ಒಂದೊಂದು ಮಳೆಮಾಪಕ ಇಟ್ಟಿದೆ. ತಾನೇ ಅಳೆದು ತಾನೇ ಕಳಿಸುವ ಯಂತ್ರ. ಪಂಚಾಯಿತಿ ಮಟ್ಟದಲ್ಲಿ ಇಷ್ಟು ಒತ್ತೊತ್ತಾಗಿ ಮಳೆ ಅಳೆಯುವ ರಾಜ್ಯ ಸಿಗುವುದು ಕಷ್ಟ. 2023ರ ಅಕ್ಟೋಬರ್‌ನಲ್ಲಿ ಎಲ್ಲರ ಮೊಬೈಲೂ ಒಟ್ಟಿಗೆ ಕಿರುಚಿಕೊಂಡಿತ್ತಲ್ಲ, ಯಾರೋ ಹ್ಯಾಕ್ ಮಾಡಿದರು ಅಂತ ನಮ್ಮ ಅಂಗಡಿಯವರು ಸ್ವಿಚ್ ಆಫ್ ಮಾಡಿದ್ದರು, ಅದೂ ಟವರ್ ಮೂಲಕ ಎಲ್ಲ ಮೊಬೈಲಿಗೂ ಒಮ್ಮೆಲೇ ಎಚ್ಚರಿಕೆ ಕಳಿಸುವ ವ್ಯವಸ್ಥೆಯ ಪರೀಕ್ಷೆ. ಅದಕ್ಕೆ ಇಂಟರ್ನೆಟ್ ಬೇಡ, ಟವರ್ ಜೀವಂತ ಇದ್ದರೆ ಸಾಕು.

ಆದರೆ ಟವರ್ ಜೀವಂತ ಇರಬೇಕಲ್ಲ. ಗಾಳಿಗೆ ನಾಲ್ಕು ಕಂಬ ಬಿದ್ದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಕೆಲವು ಗಂಟೆಯಲ್ಲಿ ಟವರಿನ ಬ್ಯಾಟರಿಯೂ ಹೋಗುತ್ತದೆ. ಆಮೇಲೆ ವಾಟ್ಸ್ಆ್ಯಪ್ ಗುಂಪೂ ಇಲ್ಲ, ಫೋನೂ ಇಲ್ಲ. ಆಗ ಉಳಿಯುವುದು ಮೈಕ್ ಕಟ್ಟಿದ ರಿಕ್ಷಾ, ಮಸೀದಿ ದೇವಸ್ಥಾನ ಚರ್ಚಿನ ಮೈಕು, ಮತ್ತೆ ಬಾಗಿಲು ತಟ್ಟುವ ಒಬ್ಬ ಮನುಷ್ಯ. ಆ ಮನುಷ್ಯ ಯಾರು ಅನ್ನುವುದು ಮೊದಲೇ ಗೊತ್ತಿರಬೇಕು.

ತೌಕ್ತೆ ನೆನಪಿದೆಯಾ? 2021ರ ಮೇ 15. ಆ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸಿದ್ದೇ ಅಲ್ಲ. ದೂರದಲ್ಲಿ ಕಡಲ ಮೇಲೆ ಹಾದು ಹೋಗಿ ಎರಡು ದಿನ ಬಿಟ್ಟು ಗುಜರಾತಿನ ದಡ ಹತ್ತಿತು. ಬರೀ ಪಕ್ಕದಲ್ಲಿ ಹಾದು ಹೋಗಿದ್ದಕ್ಕೇ ಕುಂದಾಪುರ ಕಡೆಯ ನಾಡದಲ್ಲಿ 24 ಗಂಟೆಯಲ್ಲಿ 385 ಮಿ.ಮೀ. ಮಳೆ ಬಂತು. ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತಕ್ಕೆ ಮನೆಗಳು ಹೋದವು. ಮಂಗಳೂರು ಹತ್ತಿರ ಎರಡು ಟಗ್ ಬೋಟುಗಳು ಅಪಾಯಕ್ಕೆ ಸಿಕ್ಕಿದವು, ಒಂದು ಮಗುಚಿತು, ಇನ್ನೊಂದು ಬಂಡೆಗಳ ಮಧ್ಯೆ ಸಿಕ್ಕಿಕೊಂಡು ಅದರಲ್ಲಿದ್ದ ಒಂಬತ್ತು ಜನರನ್ನು ಹೆಲಿಕಾಪ್ಟರು, ದೋಣಿ ಎರಡನ್ನೂ ಬಳಸಿ ಹೊರಗೆ ತಂದರು.

ಇದೆಲ್ಲ ಆಗಿದ್ದು ಕೋವಿಡ್ ಎರಡನೇ ಅಲೆಯ ನಡುವೆ. ಮೇ 10ರಿಂದ ರಾಜ್ಯದಲ್ಲಿ ಲಾಕ್‌ಡೌನ್. ಆರೋಗ್ಯ ಇಲಾಖೆ ಹೇಳುತ್ತಿದ್ದದ್ದು "ಮನೆಯಲ್ಲೇ ಇರಿ, ಗುಂಪು ಸೇರಬೇಡಿ." ಕಂದಾಯ ಇಲಾಖೆ ಹೇಳಬೇಕಾಗಿದ್ದದ್ದು "ಮನೆ ಬಿಟ್ಟು ಬನ್ನಿ, ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಇರಿ." ಎರಡೂ ಸರಿ. ಎರಡೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಪಾಸಿಟಿವ್ ಬಂದು ಮನೆಯಲ್ಲೇ ಇದ್ದವರ ಮನೆಗೆ ಕಡಲು ನುಗ್ಗಿದರೆ ಅವರು ಎಲ್ಲಿಗೆ ಹೋಗಬೇಕು? ಮುಂಬೈನಲ್ಲಿ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರು. ಚಪ್ಪರದಂಥ ದೊಡ್ಡ ಕೋವಿಡ್ ಕೇಂದ್ರಗಳು ಗಾಳಿಗೆ ತಡೆಯುವುದಿಲ್ಲ ಅಂತ ತೌಕ್ತೆ ಬರುವ ಮೊದಲೇ 580 ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಿದರು. ಗಾಳಿಯ ಫೈಲು ಒಬ್ಬರ ಮೇಜಿನ ಮೇಲೆ, ರೋಗದ ಫೈಲು ಇನ್ನೊಬ್ಬರ ಮೇಜಿನ ಮೇಲೆ ಇದ್ದರೆ ಇಂಥ ಕೆಲಸ ಆಗುವುದಿಲ್ಲ.

ನಮ್ಮಲ್ಲಿ ಆ ಎರಡು ಮೇಜನ್ನು ಒಂದು ಮಾಡಿದ್ದು ಕೋವಿಡ್ ಕಾಲದ ಗ್ರಾಮ ಪಂಚಾಯಿತಿ ಕಾರ್ಯಪಡೆ. ಅಧ್ಯಕ್ಷರು, ಪಿಡಿಒ, ಆಶಾ, ಅಂಗನವಾಡಿ ಟೀಚರ್, ವಿಎ ಅಂದರೆ ಗ್ರಾಮ ಲೆಕ್ಕಿಗರು, ಎಲ್ಲರೂ ಒಂದೇ ಕಡೆ ಕೂತು ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಲೆಕ್ಕ ಇಟ್ಟಿದ್ದರು. ಜಗಳ ಆಗಿತ್ತು, ರಾಜಕೀಯ ಆಗಿತ್ತು, ಆದರೂ ಲೆಕ್ಕ ಇತ್ತು. ಕೋವಿಡ್ ಹೋಯಿತು, ಲೆಕ್ಕವೂ ಹೋಯಿತು. ನನ್ನ ಪ್ರಕಾರ ಈ ಐದಾರು ವರ್ಷದಲ್ಲಿ ನಾವು ಕಳೆದುಕೊಂಡ ದೊಡ್ಡ ಆಸ್ತಿ ಅದೇ.

ಒಮ್ಮೆ ಕುತೂಹಲಕ್ಕೆ ನಮ್ಮ ಕಡೆಯ ಒಂದು ಪಂಚಾಯಿತಿಯ ವಿಪತ್ತು ನಿರ್ವಹಣಾ ಯೋಜನೆಯ ಪಿಡಿಎಫ್ ತೆರೆದೆ. ಹೆಸರು ಬೇಡ. ಸುಮಾರು ಪುಟಗಳಿದ್ದವು. ಭೂಕಂಪ ಆದರೆ ಮೇಜಿನ ಕೆಳಗೆ ಕೂರಬೇಕು ಅಂತ ಚಿತ್ರಸಮೇತ ಇತ್ತು. ಸಂಪರ್ಕದ ಪಟ್ಟಿಯಲ್ಲಿ ಮೊದಲನೆಯವರು ರಿಟೈರ್ ಆಗಿ ಮೂರು ವರ್ಷ. ಎರಡನೆಯವರಿಗೆ ವರ್ಗ. ಜೆಸಿಬಿ ಯಾರ ಹತ್ತಿರ ಇದೆ? ಇಲ್ಲ. ಮರ ಕೊಯ್ಯುವ ಮೆಷಿನ್ ಯಾರ ಹತ್ತಿರ? ಇಲ್ಲ. ನಮ್ಮ ಊರಿನಲ್ಲಿ ಯಾವ ಮಕ್ಕಳನ್ನು ಕೇಳಿದರೂ ಹೇಳುತ್ತವೆ ಜೆಸಿಬಿ ಯಾರದು ಅಂತ. ದಾರಿಗೆ ಮರ ಬಿದ್ದಾಗ ಮೊದಲು ಬರುವುದು ಮರದ ಕೆಲಸದವರ ಆ ಮೆಷಿನ್ನೇ, ಆಮೇಲೆ ಕರೆಂಟ್ ಕಂಪನಿ ಮೆಸ್ಕಾಂನ ಪವರ್‌ಮ್ಯಾನ್, ಆಮೇಲೆ ಉಳಿದವರು. ಈ ಕ್ರಮ ಊರಿಗೆ ಬಾಯಿಪಾಠ, ಯೋಜನೆಗೆ ಗೊತ್ತಿಲ್ಲ.

ಇನ್ನು ಕ್ಯಾಲೆಂಡರ್. ಮುಂಗಾರು ಪೂರ್ವಸಿದ್ಧತಾ ಸಭೆ ಅಂತ ಮೇ ತಿಂಗಳಲ್ಲಿ ನಡೆಯುತ್ತದೆ, ಚರಂಡಿ ಹೂಳು ತೆಗೆಯುವ ಕೆಲಸ ಜೂನ್ ಮೊದಲ ವಾರದ ಒಳಗೆ ಮುಗಿಯಬೇಕು ಅಂತ ತೀರ್ಮಾನ ಆಗುತ್ತದೆ. ಆದರೆ 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಅಷ್ಟು ಬೇಗ ಬಂದಿದ್ದು ಅದೇ ಮೊದಲು. ತೌಕ್ತೆ ಬಂದಿದ್ದೂ ಮೇ ತಿಂಗಳಲ್ಲಿ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ತೂಫಾನು ಆ 61 ದಿನದಲ್ಲೇ ಬರಬೇಕು ಅಂತ ನಿಯಮ ಇಲ್ಲವಲ್ಲ. ಮೇನಲ್ಲಿ ಬರುತ್ತದೆ, ಇಲ್ಲವೇ 2019ರ ಕ್ಯಾರ್ ಹಾಗೆ ಅಕ್ಟೋಬರಿನಲ್ಲಿ ಬರುತ್ತದೆ, ಎರಡೂ ಸಲ ಬೋಟುಗಳು ಕಡಲಲ್ಲೇ ಇರುತ್ತವೆ. ಪುಣೆಯ ಹವಾಮಾನ ವಿಜ್ಞಾನ ಸಂಸ್ಥೆಯವರ 2021ರ ಅಧ್ಯಯನ ಅರಬ್ಬಿ ಸಮುದ್ರದಲ್ಲಿ 2001ರಿಂದ 2019ರ ನಡುವೆ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಜಾಸ್ತಿಯಾಗಿದೆ ಅನ್ನುತ್ತದೆ. ಬಂಗಾಳ ಕೊಲ್ಲಿಯದು ಸ್ವಲ್ಪ ಕಮ್ಮಿಯಾಗಿದೆ. ತೂಫಾನು ಅಂದರೆ ಒಡಿಶಾದವರ ಪಾಡು ಅಂತ ನಾವು ಕೂತಿದ್ದ ಕಾಲ ಮುಗಿಯಿತು.

ಒಡಿಶಾ ಅಂದ ಕೂಡಲೇ ಒಂದು ವಿಷಯ ಹೇಳಲೇಬೇಕು. 1999ರ ಸೂಪರ್ ಸೈಕ್ಲೋನಿನಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರ ಫೋನಿ ಕೂಡ ಭಯಂಕರ, ಆದರೆ ಅವರು 12 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು, ಸತ್ತವರು 64. ಇದು ಎಲ್ಲರೂ ಹೇಳುವ ಕತೆ. ನನಗೆ ಅದಕ್ಕಿಂತ ಹಿಡಿಸಿದ್ದು 2024ರ ಅಕ್ಟೋಬರಿನ ಡಾನಾ ಚಂಡಮಾರುತದ ಸಮಯದ ಕೆಲಸ. 4,400ಕ್ಕೂ ಜಾಸ್ತಿ ಗರ್ಭಿಣಿಯರನ್ನು ಗಾಳಿ ಬರುವ ಮೊದಲೇ ಆಸ್ಪತ್ರೆಗಳಿಗೆ ಕರೆತಂದರು. ಅವರಲ್ಲಿ ಸುಮಾರು 1,600 ಮಂದಿಗೆ ಅಲ್ಲೇ ಹೆರಿಗೆಯೂ ಆಯಿತು. ಯೋಚಿಸಿ, ಗಾಳಿಗೆ ದಾರಿ ಬಂದ್ ಆದ ಆ ದಿನಗಳಲ್ಲಿ 1,600 ಹೆರಿಗೆ. ಅವರಲ್ಲಿ ಅರ್ಧದಷ್ಟು ಜನ ಮನೆಯಲ್ಲಿ ಸಿಕ್ಕಿಕೊಂಡಿದ್ದರೂ ಏನಾಗುತ್ತಿತ್ತು?

ಇದಕ್ಕೆ ಸ್ಯಾಟಲೈಟ್ ಬೇಡ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ದಿನ ಯಾವಾಗ, ಇದು ನಮ್ಮ ಆಶಾ ಅಕ್ಕಂದಿರ ಪುಸ್ತಕದಲ್ಲೂ ಇದೆ. ಯಾರಿಗೆ ಡಯಾಲಿಸಿಸ್, ಯಾರು ಇನ್ಸುಲಿನ್ ಫ್ರಿಜ್‌ನಲ್ಲಿ ಇಟ್ಟುಕೊಂಡಿದ್ದಾರೆ, ಯಾವ ಅಜ್ಜ ಹಾಸಿಗೆ ಬಿಟ್ಟು ಏಳುವುದಿಲ್ಲ, ಅದೂ ಅವರಿಗೆ ಗೊತ್ತು. ವಿಪತ್ತಿನ ಯೋಜನೆ ಬರೆಯುವವರು ಆ ಪುಸ್ತಕ ತೆರೆಯಬೇಕು ಅಷ್ಟೇ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರಿಗೆ ಎರಡು ದಿನ ರಸ್ತೆ ಬಂದ್ ಅಂದರೆ ಅದು ತೊಂದರೆ ಅಲ್ಲ, ಜೀವದ ಪ್ರಶ್ನೆ. ಅಂಥವರನ್ನು ರೆಡ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಆರೆಂಜ್ ಅಲರ್ಟ್ ಬಂದಾಗಲೇ ಪೇಟೆಯ ನೆಂಟರ ಮನೆಗೆ ಕಳಿಸಿದರೆ ಅರ್ಧ ಕೆಲಸ ಮುಗಿಯಿತು. ಈ ಮಾಹಿತಿ ಎಲ್ಲ ಇಟ್ಟುಕೊಂಡಿರುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ತಿಂಗಳಿಗೆ 15 ಸಾವಿರ ಕೊಡಿ ಅಂತ ಕೇಳಬೇಕಾಗಿ ಬಂತು, ಅದು ಬೇರೆ ಮಾತು. ಬೇರೆ ಮಾತೇನೂ ಅಲ್ಲ ಬಿಡಿ, ಇದೇ ಮಾತು.

ಈಗ ಮಳೆ ನಿಂತಿತು ಅಂದುಕೊಳ್ಳಿ. ಕಾಳಜಿ ಕೇಂದ್ರದಿಂದ ಜನ ಮನೆಗೆ ಬಂದರು, ಸಚಿವರು ಬಂದು ಹೋದರು, ರಜೆಯೂ ಮುಗಿಯಿತು. ಇಲ್ಲಿಂದ ಎರಡನೇ ಸುತ್ತು ಶುರು. ಮೊದಲ ಕೆಲವು ದಿನ ವಾಂತಿ ಭೇದಿ, ಬಾವಿ ನೀರಿಂದ. ಒಂದು ವಾರದಿಂದ ಎರಡು ವಾರದ ಹೊತ್ತಿಗೆ ಇಲಿಜ್ವರ. ಡೆಂಗಿ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ, ಆದ್ದರಿಂದ ಮೂರನೇ ವಾರಕ್ಕೆ ಅದರ ಸರದಿ. ಚಂಡಮಾರುತದ ದಾರಿಗಿಂತ ಇವುಗಳ ದಾರಿ ಊಹಿಸುವುದು ಸುಲಭ. ಆದರೂ ಪ್ರತಿ ವರ್ಷ ಆಶ್ಚರ್ಯಪಡುತ್ತೇವೆ.

ಬಾವಿಯಿಂದ ಶುರು ಮಾಡುವ. ಒಂದು ಮಳೆಗಾಲದಲ್ಲಿ ನಮ್ಮ ಬಾವಿಗೆ ಗದ್ದೆಯ ಕೆಂಪು ನೀರು ನುಗ್ಗಿತು. ಒಬ್ಬರು ಬಂದು ಬ್ಲೀಚಿಂಗ್ ಪೌಡರ್ ಪ್ಯಾಕೆಟ್ ಕೊಟ್ಟರು. ಎಷ್ಟು ಹಾಕಬೇಕು ಅಂತ ಕೇಳಿದೆ. "ಒಂದು ಹಿಡಿ ಹಾಕಿ" ಎಂದರು. ಯಾರ ಹಿಡಿ? ನನ್ನದಾ, ನನ್ನ ಅಮ್ಮನದಾ?

ಲೆಕ್ಕ ಇದೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರು ಎಷ್ಟು ಮೀಟರ್ ಆಳ ಇದೆಯೋ ಅದರಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿ. ಬರುವುದು ಲೀಟರ್. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ 19,625 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್ ಮಾಮೂಲಿ ಪ್ರಮಾಣ, ಅಂದರೆ ಇಂಥ ಬಾವಿಗೆ ಸುಮಾರು 50 ಗ್ರಾಂ. ಪುಡಿಯನ್ನು ಹಾಗೇ ಎಸೆಯಬಾರದು. ಬಕೆಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಿ, ಐದು ಹತ್ತು ನಿಮಿಷ ಬಿಡಬೇಕು. ಸುಣ್ಣ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ನೀರಿನ ಅಡಿಯಲ್ಲಿ ಮೇಲೆ ಕೆಳಗೆ ಜೋರಾಗಿ ಆಡಿಸಬೇಕು. ಕಮ್ಮಿ ಅಂದರೆ ಒಂದು ಗಂಟೆ ಆ ನೀರು ಮುಟ್ಟಬಾರದು, ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಒಳ್ಳೆಯದು. ನೆರೆ ನೀರು ಸೇರಿದ ಬಾವಿಗೆ ಇದಕ್ಕಿಂತ ಜಾಸ್ತಿ ಬೇಕು, ಅದನ್ನು ಆರೋಗ್ಯ ಇಲಾಖೆಯವರು ನೀರು ಪರೀಕ್ಷೆ ಮಾಡಿಯೇ ಹೇಳಬೇಕು. ಹೋದ ವರ್ಷ ಬಾಯಿ ತೆರೆದಿಟ್ಟ ಪ್ಯಾಕೆಟಿನ ಪೌಡರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಅದು ಬರೀ ಸುಣ್ಣ. ಅಷ್ಟೆಲ್ಲ ಮಾಡಿದ ಮೇಲೂ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪ್ಯಾಕೆಟ್ ಜೊತೆ ಕೊಟ್ಟರೆ ಎಷ್ಟು ಖರ್ಚು ಹೇಳಿ?

ಇಲಿಜ್ವರ ಹೆಸರಿಗೆ ಇಲಿಯದು, ಬರುವುದು ಅದರ ಮೂತ್ರ ಸೇರಿದ ನೀರಿನಿಂದ, ಕಾಲಿನ ಗಾಯದ ಮೂಲಕ. ನೆರೆ ಇಳಿದ ಮೇಲೆ ಅಂಗಳದ ಕೆಸರು ಬಾಚುವವರು, ಗದ್ದೆಗೆ ಇಳಿಯುವವರು, ಚರಂಡಿ ಕೆಲಸದವರು ಮೊದಲು ಬೀಳುತ್ತಾರೆ. 2018ರ ನೆರೆ ಆದ ಮೇಲೆ ಕೇರಳದಲ್ಲಿ ಇದು ಜೋರಾಗಿ ಹಬ್ಬಿತ್ತು. ಅಲ್ಲಿ ಕೆಸರಿಗೆ ಇಳಿಯುವವರಿಗೆ, ಸ್ವಯಂಸೇವಕರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದರು. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಆ ಮಾತ್ರೆ ಆಗುವುದಿಲ್ಲ, ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನಮ್ಮ ಕಡೆ ನೆರೆ ಬಂದಾಗ ಯುವಕ ಮಂಡಲದ ಹುಡುಗರು ಬರಿಗಾಲಲ್ಲಿ ಕೆಸರಿಗೆ ಇಳಿದು ಕೆಲಸ ಮಾಡುತ್ತಾರೆ, ಎಲ್ಲರೂ ಫೋಟೊ ಹಾಕಿ ಹೊಗಳುತ್ತಾರೆ. ಗಂಬೂಟು ಯಾರೂ ಕೊಡುವುದಿಲ್ಲ.

ಡೆಂಗಿಗೆ ಬಂದರೆ ನಮ್ಮ ತೋಟಗಳೇ ಅದರ ಸಾಕುಮನೆ. ಗೆರಟೆ, ಬಿದ್ದ ಅಡಿಕೆ ಹಾಳೆ, ಸುಳ್ಯ ಪುತ್ತೂರು ಕಡೆ ರಬ್ಬರ್ ಮರಕ್ಕೆ ಕಟ್ಟಿದ ಕಪ್ಪು. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದವರು ಕಪ್ಪನ್ನು ಮಗುಚಿ ಇಡದಿದ್ದರೆ ಒಂದು ಎಕರೆಯಲ್ಲಿ ನೂರಾರು ಸೊಳ್ಳೆ ತೊಟ್ಟಿಲು. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ. ಗಾಳಿಗೆ ಹೆಂಚು ಹಾರಿದ ಮನೆಗಳಿಗೆ ಪರಿಹಾರ ಅಂತ ಕೊಡುವ ಟಾರ್ಪಾಲು. ಅದು ಜಂತಿಗಳ ಮಧ್ಯೆ ಜೋತು ಬಿದ್ದು ಹೊಟ್ಟೆ ಬರುತ್ತದೆ, ಆ ಹೊಟ್ಟೆಯಲ್ಲಿ ಮಳೆನೀರು ತಿಳಿಯಾಗಿ ನಿಲ್ಲುತ್ತದೆ. ಡೆಂಗಿ ಸೊಳ್ಳೆಗೆ ಬೇಕಾದದ್ದೇ ಅಂಥ ನೀರು. ಗಾಳಿಯ ಪರಿಹಾರವೇ ಜ್ವರದ ಮೂಲ. ವಾರಕ್ಕೊಮ್ಮೆ ಒಳಗಿಂದ ಕೋಲಿನಲ್ಲಿ ಎತ್ತಿ ನೀರು ಚೆಲ್ಲಿದರೆ ಮುಗಿಯಿತು.

2024ರಲ್ಲಿ ಡೆಂಗಿ ಮಿತಿ ಮೀರಿದಾಗ ಸರಕಾರ ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು, ನೀರು ನಿಲ್ಲಿಸಿಕೊಂಡ ಮನೆಗೆ ಪೇಟೆಯಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತಲೂ ಆಯಿತು. ಸೆಪ್ಟೆಂಬರ್ ಅಂದರೆ ಮಳೆಗಾಲ ಮುಗಿಯುತ್ತಾ ಬಂದಿತ್ತು. ದಂಡ ತಪ್ಪು ಅನ್ನುವುದಿಲ್ಲ. ಆದರೆ ಪಂಚಾಯಿತಿಯ ಚರಂಡಿಯಲ್ಲೇ ಪ್ಲಾಸ್ಟಿಕ್ ತುಂಬಿರುವಾಗ ಮನೆಯವರಿಗೆ ಚೀಟಿ ಹರಿಯುವುದು ಸ್ವಲ್ಪ ಮುಜುಗರದ ಕೆಲಸ. ಜ್ವರ ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ. ಜ್ವರ ಇಳಿಯಿತು ಅಂತ ಸಮಾಧಾನಪಡುವ ಹೊತ್ತು, ಮೂರರಿಂದ ಏಳನೇ ದಿನ, ಅದೇ ಡೆಂಗಿಯಲ್ಲಿ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ಎಲ್ಲಿಂದಾದರೂ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ.

ದುಡ್ಡಿನ ವಿಷಯ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. 2021ರಿಂದ 26ರವರೆಗೆ 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯನ್ನು ಹಂಚಿದ್ದು ಹೀಗೆ. ನೂರು ರೂಪಾಯಿಯಲ್ಲಿ 40 ತಕ್ಷಣದ ಪರಿಹಾರಕ್ಕೆ, 30 ಮತ್ತೆ ಕಟ್ಟಿಕೊಳ್ಳಲು, 20 ಅಪಾಯ ತಗ್ಗಿಸುವ ಕೆಲಸಕ್ಕೆ, ತಯಾರಿಗೆ ಮತ್ತು ತರಬೇತಿಗೆ 10. ಮನೆ ಬಿದ್ದ ಮೇಲೆ, ಜನ ಸತ್ತ ಮೇಲೆ ಚೆಕ್ ಕೊಟ್ಟರೆ ಪೇಪರಿನಲ್ಲಿ ಫೋಟೊ ಬರುತ್ತದೆ. ಗುಡ್ಡದ ಬುಡದ ಹತ್ತು ಮನೆಯವರನ್ನು ಒಂದು ರಾತ್ರಿ ಶಾಲೆಯಲ್ಲಿ ಮಲಗಿಸಿ, ಗುಡ್ಡ ಕುಸಿಯದೇ ಇದ್ದರೆ, ಬೆಳಿಗ್ಗೆ ಜನ ಸುಮ್ನೆ ತೊಂದರೆ ಕೊಟ್ಟರು ಅಂತ ಬೈಯುತ್ತಾರೆ. ಅಧಿಕಾರಿಯ ಕಷ್ಟ ನನಗೂ ಅರ್ಥವಾಗುತ್ತದೆ. ಹಾಗೆ ಬೈಸಿಕೊಳ್ಳುವ ಧೈರ್ಯ ಇರುವ ಒಬ್ಬ ತಹಶೀಲ್ದಾರ್ ಇದ್ದರೆ ಆ ತಾಲೂಕಿನ ಪುಣ್ಯ.

ಮನೆಯಲ್ಲಿ ನಾವು ಮಾಡಿಕೊಳ್ಳಬೇಕಾದದ್ದು ನಿಮಗೂ ಗೊತ್ತಿರುವುದೇ. ಟಾರ್ಚು, ಪವರ್ ಬ್ಯಾಂಕು, ಒಂದು ವಾರದ ಮಾತ್ರೆ, ಆಧಾರ್ ಮತ್ತು ಜಾಗದ ಪತ್ರ ಪ್ಲಾಸ್ಟಿಕ್ ಕವರಿನಲ್ಲಿ. ಬಿದ್ದ ತಂತಿ ಮುಟ್ಟಬೇಡಿ, ಕರೆಂಟ್ ಇಲ್ಲದ ಹಾಗೆ ಕಂಡರೂ. ತಂತಿಗೆ 1912, ಜಿಲ್ಲಾ ಕಂಟ್ರೋಲ್ ರೂಮಿಗೆ 1077, ಯಾವುದೂ ನೆನಪಾಗದಿದ್ದರೆ 112. ನಂಬರುಗಳನ್ನು ಗೋಡೆಯ ಮೇಲೆ ಬರೆದಿಡಿ, ಮೊಬೈಲ್ ಸತ್ತಾಗ ಅದರೊಳಗಿನ ನಂಬರ್ ಉಪಯೋಗಕ್ಕೆ ಬರುವುದಿಲ್ಲ.

ಗೋಡೆ ಅಂದಾಗ ನೆನಪಾಯಿತು. ಕಳೆದ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಒಂದೇ ಒಂದು ಹಾಳೆ ಕೇಳಿದೆ. ಜೆಸಿಬಿ ಯಾರದು, ಮರದ ಮೆಷಿನ್ ಯಾರದು, ಯಾವ ವಾರ್ಡಿನಲ್ಲಿ ಬಾಗಿಲು ತಟ್ಟುವವರು ಯಾರು, ಶಾಲೆಯ ಕೀಲಿಕೈ ಯಾರ ಹತ್ತಿರ. ಇಷ್ಟು ಬರೆದು ರೇಷನ್ ಅಂಗಡಿಯ ಹೊರಗೆ ಅಂಟಿಸಿ ಎಂದೆ. ವೇದಿಕೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು.

"ಹೊರಗೆ ಅಂಟಿಸಿದರೆ ಮಳೆಗೆ ಒದ್ದೆಯಾಗುತ್ತದಲ್ಲ?" ಎಂದರು ಒಬ್ಬರು.

ಲ್ಯಾಮಿನೇಷನ್‌ಗೆ ನಲವತ್ತು ರೂಪಾಯಿ ಆಗುತ್ತದೆ, ನಾನೇ ಕೊಡುತ್ತೇನೆ ಎಂದೆ.

"ನೋಡುವ" ಎಂದರು.